ಮರಳಿಗೆ ಹಾಕಿ, ಟಾರಿಗೆ ಬಿಡಿ: ಜೀಪಿನ ಗಿಡ್ಡ ಕೋಲಿನ ಕಥೆ

ಹಳೆಯ ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಕುಳಿತು ಪ್ರಯಾಣ ಮಾಡಿದವರು ಗಮನಿಸಿರಬಹುದು. ಚಾಲಕನ ಪಕ್ಕದಲ್ಲಿ ನೆಲದಿಂದ ಮೇಲೆದ್ದ ಕೋಲು ಒಂದಲ್ಲ, ಮೂರು. ಉದ್ದನೆಯದು ಎಲ್ಲ ವಾಹನಗಳಲ್ಲೂ ಇರುವ ಗೇರಿನ ಕೋಲು. ಅದರ ಪಕ್ಕದ ಗಿಡ್ಡ ಕೋಲುಗಳಲ್ಲಿ ಒಂದು ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಒದಗಿಸುವುದು. ಇನ್ನೊಂದು ವೇಗ ತಗ್ಗಿಸಿ ಎಳೆತ ಹೆಚ್ಚಿಸುವುದು. ‘ಫೋರ್ ವೀಲ್ ಹಾಕು’ ಎಂದರೆ ಈ ಗಿಡ್ಡ ಕೋಲನ್ನು ಎಳೆ ಎಂದರ್ಥ. ಹಾಕುವುದನ್ನು ಯಾರು ಬೇಕಾದರೂ ಒಂದೇ ದಿನದಲ್ಲಿ ಕಲಿಯಬಹುದು. ಅದನ್ನು ಬಿಡಬೇಕಾದದ್ದು ಎಲ್ಲಿ ಎಂಬ ತಿಳಿವಳಿಕೆ ಮಾತ್ರ ಜೀಪಿನ ಜೊತೆಯಲ್ಲೇ ಕೈಯಿಂದ ಕೈಗೆ ದಾಟಿ ಬರಲಿಲ್ಲ. ಅನೇಕ ಜೀಪುಗಳ ಹೊಟ್ಟೆಯೊಳಗಿನ ಹಲ್ಲುಚಕ್ರಗಳು ನುಚ್ಚಾದದ್ದು ಕಲ್ಲುಗುಡ್ಡ ಹತ್ತಿ ಅಲ್ಲ, ನುಣ್ಣನೆಯ ಟಾರು ರಸ್ತೆಯಲ್ಲಿ ಓಡಿ.

ಈ ಕಥೆ ಹೇಳುವುದಕ್ಕೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ಒಳ್ಳೆಯ ಜಾಗ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಇವು ಸೇರಿವೆ. ಪರಶುರಾಂಪುರದ ಕಡೆ ವೇದಾವತಿಯ ಪಾತ್ರವೆಂದರೆ ಬಹುಕಾಲ ನೀರಿಗಿಂತ ಮರಳೇ. ಮೇಲೆ ಮಾರಿಕಣಿವೆಯ ವಾಣಿವಿಲಾಸ ಸಾಗರ 1930ರ ದಶಕದಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮೊಳಕಾಲ್ಮೂರಿನ ಸುತ್ತ ಬಂಡೆಗುಡ್ಡ. ಅಲ್ಲಿಂದ ಬಳ್ಳಾರಿ ಕಡೆಗೆ ಹೋದಂತೆ ಎರೆಭೂಮಿ. ಮರಳು, ಬಂಡೆ, ಎರೆ ಮೂರೂ ಒಂದೇ ದಿನದ ದಾರಿಯಲ್ಲಿ ಸಿಗುತ್ತವೆ.

ಸೇನೆಗೂ ಈ ಸೀಮೆಗೂ ನಂಟು ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳನ್ನು ಹೈದರಾಲಿ ಸೇನೆಯ ಸಾಗಣೆಗೆ ಬಳಸಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಆ ದನಗಳು ಮೇಯಲು ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು. ಚಳ್ಳಕೆರೆಯ ಸುತ್ತ ಇಂಥ ಕಾವಲುಗಳು ವಿಶಾಲವಾಗಿದ್ದವು. ಚಿದಂಬರಕ್ಕೆ ನೆರವಾಗಲು ಹೈದರನ ಸೇನೆ ಈ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತೆಂದು ಇಂಗ್ಲಿಷರು ಬೆರಗಿನಿಂದ ಬರೆದಿಟ್ಟಿದ್ದಾರೆ. 1799ರ ನಂತರ ಅದೇ ಎತ್ತುಗಳು ಅವರ ಫಿರಂಗಿಗಳನ್ನೂ ಎಳೆದವು. (ಇದೇ ಸೀಮೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ಯಾವ ನೊಗಕ್ಕೂ ಕಟ್ಟದ ದೇವರ ಎತ್ತುಗಳನ್ನು ಕಿಲಾರಿಗಳು ಇಂದಿಗೂ ಸಾಕುತ್ತಾರೆ. ಆ ಕಥೆ ಬೇರೆ.)

ಎತ್ತಿಗೂ ಎಂಜಿನ್ನಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಎತ್ತು ಗಾಡಿಯನ್ನು ಎಳೆಯುತ್ತದೆಯೇ ಹೊರತು ಗಾಲಿಯನ್ನು ತಿರುಗಿಸುವುದಿಲ್ಲ. ಗಾಲಿ ಅಚ್ಚಿನ ಮೇಲೆ ತನ್ನ ಪಾಡಿಗೆ ಉರುಳುತ್ತದೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಗೆ ಹೋದವರು ರಥದ ಗಾಲಿಗಳನ್ನು ನೋಡಿದ್ದಾರಲ್ಲ? ಯಾವುದೇ ರಥ ಒಂದಿಷ್ಟು ಓರೆಯಾದರೆ ಒಳಮಗ್ಗುಲಿನ ಗಾಲಿ ಕಡಿಮೆ ದೂರ ಉರುಳುತ್ತದೆ, ಹೊರಮಗ್ಗುಲಿನದು ಹೆಚ್ಚು ದೂರ. ಎರಡೂ ಬಿಡಿ ಗಾಲಿಗಳಾದ್ದರಿಂದ ತಂಟೆಯಿಲ್ಲ. ಎಂಜಿನ್ನೇ ಗಾಲಿಯನ್ನು ತಿರುಗಿಸತೊಡಗಿದಾಗ ತಂಟೆ ಶುರುವಾಯಿತು. ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದು ತಿರುಗಿಸಿದರೆ ತಿರುವಿನಲ್ಲಿ ಒಂದು ಚಕ್ರ ನೆಲವನ್ನು ಉಜ್ಜಲೇಬೇಕು. ಇದಕ್ಕೆ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1827ರಲ್ಲಿ ಉಗಿಗಾಡಿಗಾಗಿ ಕಂಡುಕೊಂಡ ಉಪಾಯವೇ ಡಿಫರೆನ್ಷಿಯಲ್. ಇಂದಿಗೂ ಲಾರಿ, ಜೀಪುಗಳ ಹಿಂದಿನ ಹೌಸಿಂಗಿನ ಗುಂಡು ಭಾಗದಲ್ಲಿ ಕೂತಿರುವುದು ಅದೇ. ಅದಕ್ಕೂ ಒಂದು ಐಬಿದೆ: ಒಂದು ಚಕ್ರ ಮರಳಿನಲ್ಲಿ ಸುಮ್ಮನೆ ಗಿರಗಿರನೆ ತಿರುಗತೊಡಗಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೆ ಬಲ ಸಿಗುವುದಿಲ್ಲ.

ಆಗ ಮುಂದಿನ ಚಕ್ರಗಳನ್ನೂ ದುಡಿಸಿದರೆ ಹೇಗೆ ಎಂಬ ಯೋಚನೆ ಬಂತು. 1903ರಲ್ಲಿ ಹಾಲೆಂಡಿನ ಸ್ಪೈಕರ್ ಕಾರು, 1908ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಝಾಕೋ ಮತ್ತು ಬೆಸರ್ಡಿಚ್ ಎಂಬಿಬ್ಬರು ಕಟ್ಟಿದ ವಾಹನ, ಮೊದಲ ಮಹಾಯುದ್ಧದ ಟ್ರಕ್ಕುಗಳು ಈ ದಾರಿಯಲ್ಲೇ ಬಂದವು. ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಮಾತ್ರ ಎರಡನೆಯ ಮಹಾಯುದ್ಧ. 1940ರ ಜುಲೈನಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಚಕ್ರ ದುಡಿಯುವ ಗಾಡಿ ಬೇಕೆಂದಿತು. ಬ್ಯಾಂಟಮ್ ಎಂಬ ಸಣ್ಣ ಕಂಪೆನಿ ಸೆಪ್ಟೆಂಬರಿನಲ್ಲೇ ಮಾದರಿಯನ್ನು ತಂದು ನಿಲ್ಲಿಸಿತು. ದೊಡ್ಡ ಆರ್ಡರು ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳಿಗೆ. ಯುದ್ಧ ಮುಗಿಯುವುದರೊಳಗೆ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದವು.

ಬರ್ಮಾ ಗಡಿಯಲ್ಲಿ ದುಡಿದ ಜೀಪುಗಳು ಯುದ್ಧದ ನಂತರ ಸೇನೆಗೆ ಬೇಡವಾಗಿ ಹರಾಜಿಗೆ ಬಂದವು. ‘ಡಿಸ್ಪೋಸಲ್ ಜೀಪು’ ಎಂಬ ಮಾತು ಹುಟ್ಟಿದ್ದು ಹಾಗೆ. 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂದು ಶುರುವಾಗಿ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆದ ಉಕ್ಕಿನ ವ್ಯಾಪಾರದ ಕಂಪೆನಿ, ಮುಂಬೈಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸತೊಡಗಿತು. ಸ್ವತಂತ್ರ ಭಾರತದ ಮೊದಲ ಹಗರಣವೂ ಜೀಪಿನದೇ. ವಿ.ಕೆ. ಕೃಷ್ಣ ಮೆನನ್ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದಾಗ, 1948ರಲ್ಲಿ, ಸೇನೆಗೆಂದು ಮಾಡಿಕೊಂಡ ಖರೀದಿಯಲ್ಲಿ ಬಂದು ತಲುಪಿದ್ದು 155 ಜೀಪುಗಳಷ್ಟೇ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಮೇಲೆ ಜೀಪೆಂದರೆ ಸರ್ಕಾರ ಎಂದಾಯಿತು. ಬಿಡಿಒ ಸಾಹೇಬರು, ಮಲೇರಿಯಾದವರು, ಚುನಾವಣೆಯ ಮತಪೆಟ್ಟಿಗೆ, ಎಲ್ಲವೂ ಹಳ್ಳಿಗೆ ಬಂದದ್ದು ಅದರಲ್ಲೇ.

ಯುದ್ಧಕಾಲದ ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಣ್ಣ ತಗಡಿನ ಫಲಕವಿರುತ್ತಿತ್ತು. ಕೋಲುಗಳು ಎತ್ತ ಬೀಳಬೇಕೆಂಬ ಚಿತ್ರದ ಜೊತೆಗೆ, ಒಣಗಿದ ಗಟ್ಟಿ ರಸ್ತೆಯಲ್ಲಿ ಮುಂದಿನ ಅಚ್ಚನ್ನು ಬಿಡಿಸಿಯೇ ಓಡಿಸಬೇಕೆಂಬ ಎಚ್ಚರಿಕೆ ಅದರಲ್ಲಿತ್ತು. ಫಲಕ ಇಂಗ್ಲಿಷಿನಲ್ಲಿತ್ತು. ಜೀಪು ಮಾರಾಟವಾಗಿ, ಬಣ್ಣ ಬಳಿಸಿಕೊಂಡು, ಡೀಸೆಲ್ ಎಂಜಿನ್ ಹಾಕಿಸಿಕೊಂಡು ಕೈ ಬದಲಾಗುವಾಗ ಇಂಥ ಫಲಕ ಉಳಿಯುವುದು ಅಪರೂಪ.

ಆ ಎಚ್ಚರಿಕೆಗೆ ಕಾರಣ ಸರಳ. ತಿರುವಿನಲ್ಲಿ ಒಳ ಚಕ್ರಕ್ಕೂ ಹೊರ ಚಕ್ರಕ್ಕೂ ದಾರಿ ಬೇರೆಯಾಗುವ ಹಾಗೆಯೇ, ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ಬೇರೆಯಾಗುತ್ತದೆ. ಮುಂದಿನವು ದೊಡ್ಡ ಸುತ್ತು ಹಾಕುತ್ತವೆ. ಎಡ-ಬಲದ ವ್ಯತ್ಯಾಸ ನುಂಗಲು ಡಿಫರೆನ್ಷಿಯಲ್ ಇದೆ. ಹಿಂದು-ಮುಂದಿನ ವ್ಯತ್ಯಾಸ ನುಂಗಲು ಹಳೆಯ ಜೀಪಿನಲ್ಲಿ ಏನೂ ಇಲ್ಲ. ಟ್ರಾನ್ಸ್‌ಫರ್ ಕೇಸ್ ಎಂಬ ಹಲ್ಲುಚಕ್ರದ ಪೆಟ್ಟಿಗೆ ಎರಡು ಕಡೆಯ ಶಾಫ್ಟುಗಳನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಮರಳಿನ ಮೇಲೆ ಟೈರು ತುಸು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಟಾರಿನ ಮೇಲೆ ಟೈರು ಜಾರುವುದಿಲ್ಲ. ಆ ವ್ಯತ್ಯಾಸವೆಲ್ಲ ಹಗ್ಗ ಹುರಿಗೊಂಡಂತೆ ಶಾಫ್ಟಿನಲ್ಲಿ, ಹಲ್ಲಿನಲ್ಲಿ, ಕ್ರಾಸಿನಲ್ಲಿ ಸೇರಿಕೊಳ್ಳುತ್ತದೆ. ಸ್ಟಿಯರಿಂಗ್ ಬಿಗಿಯಾಗುತ್ತದೆ, ತಿರುವಿನಲ್ಲಿ ಗಾಡಿ ನೆಟ್ಟಗೆ ಹೋಗಲು ನೋಡುತ್ತದೆ, ಟೈರು ಕುಪ್ಪಳಿಸಿದಂತೆ ಕೀರಲುತ್ತದೆ. ಕೋಲನ್ನು ಬಿಡಿಸಹೋದರೆ ಬರುವುದಿಲ್ಲ. ಆಗ ಕಾಲಿನಿಂದ ಒದೆಯುವವರುಂಟು, ಸುತ್ತಿಗೆ ಎತ್ತಿಕೊಂಡವರೂ ಉಂಟು. ಅದಾವುದೂ ಬೇಡ. ಸ್ಟಿಯರಿಂಗ್ ನೆಟ್ಟಗಿಟ್ಟು ನಾಲ್ಕಾರು ಅಡಿ ಹಿಂದಕ್ಕೆ ಬಂದರೆ, ಇಲ್ಲವೇ ಪಕ್ಕದ ಮಣ್ಣಿಗೆ ಇಳಿಸಿದರೆ ಹುರಿ ಬಿಚ್ಚಿಕೊಂಡು ಕೋಲು ತಾನಾಗಿ ಸಡಿಲಾಗುತ್ತದೆ.

ಹಾಕುವುದಕ್ಕೂ ಒಂದು ಕ್ರಮವಿದೆ. ಹಳ್ಳಕ್ಕೆ ಇಳಿಯುವ ಮೊದಲೇ ಹಾಕಬೇಕು; ಹೂತಮೇಲೆ, ಹಿಂದಿನ ಚಕ್ರಗಳು ಸುತ್ತುತ್ತಿರುವಾಗ ಹಾಕಿದರೆ ತಿರುಗುವ ಹಲ್ಲಿಗೆ ನಿಂತ ಹಲ್ಲು ಬಡಿದು ಮುಕ್ಕಾಗುತ್ತದೆ. ಚಕ್ರ ನೆಟ್ಟಗಿರಬೇಕು, ಆಕ್ಸಲರೇಟರ್ ಬಿಟ್ಟಿರಬೇಕು, ಕ್ಲಚ್ ಒತ್ತಿರಬೇಕು. ‘ಲೋ’ ಹಾಕುವುದಾದರೆ ಗಾಡಿ ನಿಂತಂತೆಯೇ ಇರಬೇಕು. ವಿಲ್ಲಿಸ್ ಜೀಪಿನಲ್ಲಿ ಮುಂದಿನ ಅಚ್ಚನ್ನು ಹಾಕದೆ ‘ಲೋ’ ಬೀಳುವುದೇ ಇಲ್ಲ. ಸುಮಾರು ಎರಡು ಪಟ್ಟಾಗುವ ಎಳೆತವನ್ನೆಲ್ಲ ಹಿಂದಿನ ಅಚ್ಚೊಂದೇ ಹೊತ್ತು ಮುರಿಯಬಾರದೆಂದು ಮಾಡಿದ ಜಾಣತನ ಅದು. ಕೆಲವು ಗಾಡಿಗಳ ಮುಂದಿನ ಗಾಲಿಯ ನಡುವೆ ಕೈಯಿಂದ ತಿರುಗಿಸುವ ಹಬ್ ಬೀಗ ಇರುತ್ತದೆ. ಯುದ್ಧದ ಜೀಪು ಕೊಂಡವರಿಗಾಗಿ ಅಮೆರಿಕದ ಆರ್ಥರ್ ವಾರ್ನ್ 1948ರಲ್ಲಿ ಇಂಥ ಹಬ್ ಮಾಡಿ ಮಾರತೊಡಗಿದ. ಎರಡೂ ಕಡೆ ಇಳಿದು ಅದನ್ನು ಹಾಕದಿದ್ದರೆ ಒಳಗೆ ಕೋಲು ಎಷ್ಟು ಎಳೆದರೂ ಮುಂದಿನ ಚಕ್ರಕ್ಕೆ ಬಲ ಮುಟ್ಟದು. ಎಲ್ಲ ಸರಿಯಾಗಿ ಹಾಕಿದರೂ ‘ನಾಲ್ಕು ಚಕ್ರ’ ಎಂಬುದು ಪೂರ್ತಿ ನಿಜವಲ್ಲ. ಮುಂದೊಂದು, ಹಿಂದೊಂದು ಚಕ್ರ ಜಾರತೊಡಗಿದರೆ ಗಾಡಿ ನಿಂತಂತೆಯೇ. ಇನ್ನು ಮಳೆ ಬಿದ್ದ ಎರೆಯಲ್ಲಿ ಟೈರಿನ ಗೀರುಗಳೆಲ್ಲ ಅಂಟಿನಿಂದ ಮುಚ್ಚಿಹೋದಮೇಲೆ ಯಾವ ಕೋಲೂ ಕೆಲಸಕ್ಕೆ ಬಾರದು. ಎರೆ ಒಣಗುವವರೆಗೆ ಕಾಯುವುದೇ ದಾರಿ.

ಒಳಗೆ ಪೆಟ್ಟಾಗಿದೆಯೇ ಎಂದು ತಿಳಿಯುವುದು ಹೇಗೆ? ಹಳೆಯ ಜೀಪು ಕೊಳ್ಳುವವರು ಬಣ್ಣ, ಟೈರು, ಸೀಟು ನೋಡಿ ಹಣ ಎಣಿಸುತ್ತಾರೆ, ನೋಡಬೇಕಾದದ್ದು ಕೆಳಗಿದೆ. ಸಮತಟ್ಟಾದ ಜಾಗದಲ್ಲಿ ಗಾಲಿಗೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಿ, ಗೇರು ನ್ಯೂಟ್ರಲಿನಲ್ಲಿಟ್ಟು, ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಆಚೀಚೆ ತಿರುಚಿ ನೋಡಬೇಕು. ಕ್ರಾಸಿನ ಜಾಗದಲ್ಲಿ ಕಟಕಟ ಎಂದು ಅಲುಗಿದರೆ, ಅಥವಾ ಅದರ ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ, ಒಳಗಿನ ಸೂಜಿ ಬೇರಿಂಗು ಒಣಗಿ ಸವೆದಿದೆ ಎಂದರ್ಥ. ಆಯಿಲ್ ಸೀಲಿನ ಸುತ್ತ ಒದ್ದೆಯಾಗಿ ಧೂಳು ಮೆತ್ತಿದೆಯೇ ನೋಡಬೇಕು. ಆಮೇಲೆ ಟ್ರಾನ್ಸ್‌ಫರ್ ಕೇಸಿನದು, ಮುಂದಿನ ಮತ್ತು ಹಿಂದಿನ ಹೌಸಿಂಗಿನದು, ಮೂರೂ ಕಡೆಯ ಗೇರ್ ಆಯಿಲನ್ನು ತುಸು ತೆಗೆದು ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿಯಬೇಕು. ನುಣ್ಣನೆಯ ಬೂದು ಪುಡಿ ಅಷ್ಟಿಷ್ಟು ಇದ್ದರೆ ಅದು ವಯಸ್ಸಿನ ಸವೆತ. ಮಿನುಗುವ ಚೂರು, ಉಗುರಿಗೆ ತಾಗುವ ತುಣುಕು ಇದ್ದರೆ ಕ್ರೌನ್-ಪಿನಿಯನ್ನಿನ ಹಲ್ಲೋ ಬೇರಿಂಗೋ ಹೋಗುತ್ತಿದೆ. ಆಯಿಲು ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ. ಓಡಿ ಕಾದ ಹೌಸಿಂಗು ಹೊಳೆಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ನೀರನ್ನು ಹೀರಿಕೊಳ್ಳುತ್ತದೆ. ವೇದಾವತಿಯಲ್ಲಿ ನೀರು ಬಂದ ವರ್ಷ ಹೊಳೆ ದಾಟಿಸಿದ ಗಾಡಿಗಳನ್ನು ಈ ಒಂದು ಕಾರಣಕ್ಕಾದರೂ ಬಿಚ್ಚಿಸಿ ನೋಡುವುದು ಒಳ್ಳೆಯದು. ಕೊನೆಯದಾಗಿ ನಾಲ್ಕು ಟೈರೂ ಒಂದೇ ಅಳತೆಯವೇ, ಒಂದೇ ಸಮ ಸವೆದವೇ ಎಂದೂ ನೋಡಿ. ಮುಂದೆ ಹೊಸದು, ಹಿಂದೆ ಬೋಳು ಹಾಕಿದರೆ ನೆಟ್ಟನೆಯ ದಾರಿಯಲ್ಲೂ ಹುರಿ ಏರುತ್ತದೆ.

ಕೋಲಿದ್ದ ಮಾತ್ರಕ್ಕೆ ಫೋರ್ ವೀಲ್ ಇದೆ ಎಂದೂ ನಂಬಬೇಕಿಲ್ಲ. ಸದ್ದು, ಡೀಸೆಲ್ ಉಳಿಯಲೆಂದು ಮುಂದಿನ ಶಾಫ್ಟನ್ನೇ ಬಿಚ್ಚಿ ಮನೆಯ ಅಟ್ಟಕ್ಕೆ ಹಾಕಿದವರಿದ್ದಾರೆ. ಊರಿಂದೂರಿಗೆ ಹತ್ತಿಪ್ಪತ್ತು ಜನರನ್ನು ತುಂಬಿಕೊಂಡು ಓಡಿದ ಕಮಾಂಡರ್ ಜೀಪುಗಳಲ್ಲಿ ಎಷ್ಟೋ, ಕಾರ್ಖಾನೆಯಿಂದಲೇ ಎರಡು ಚಕ್ರ ದುಡಿಯುವವಾಗಿ ಬಂದವು.

ಈಚೆಗೆ ಇದೇ ಪಾಠ ಟ್ರ್ಯಾಕ್ಟರಿಗೆ ಬಂದಿದೆ. ಶೇಂಗಾ ಹೊಲಗಳಲ್ಲಿ ಈಗ ಫೋರ್ ವೀಲ್ ಟ್ರ್ಯಾಕ್ಟರುಗಳು ಕಾಣುತ್ತವೆ. ಇವುಗಳ ಮುಂದಿನ ಚಕ್ರ ಹಿಂದಿನದಕ್ಕಿಂತ ನೂರಕ್ಕೆ ಒಂದರಿಂದ ಐದರಷ್ಟು ಹೆಚ್ಚು ದೂರ ಉರುಳುವಂತೆ ಬೇಕೆಂದೇ ಹಲ್ಲು ಜೋಡಿಸಿರುತ್ತಾರೆ. ಮುಂದಿನವು ಎಳೆಯಲಿ ಎಂದು. ಉಳುವಾಗ ಅದು ಅನುಕೂಲ. ಹಾಗೆಯೇ ಹಾಕಿಕೊಂಡು ಟ್ರೇಲರ್ ಕಟ್ಟಿ ಟಾರಿನ ಮೇಲೆ ಚಳ್ಳಕೆರೆಯ ಮಾರುಕಟ್ಟೆಗೆ ಹೊರಟರೆ ಮುಂದಿನ ಟೈರು ತೇಯುತ್ತದೆ, ಆಮೇಲೆ ಹಲ್ಲಿನ ಸರದಿ.

ಟಾರು ಈಗ ಎಲ್ಲೆಡೆ ಬಂದಿದೆ. ಹಿರಿಯೂರು, ಚಳ್ಳಕೆರೆ, ಬಳ್ಳಾರಿಗಳನ್ನು ಪೋಣಿಸುವ ದಾರಿ 150ಎ ರಾಷ್ಟ್ರೀಯ ಹೆದ್ದಾರಿಯಾಗಿದೆ. ಕಾವಲುಗಳ ದೊಡ್ಡ ಭಾಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸೇರಿ, ದನ ಮೇಯಿಸುತ್ತಿದ್ದ ಹಾದಿಗಳು ಗೋಡೆಯ ಒಳಗಾಗಿವೆ. ವರವು ಕಾವಲಿನಲ್ಲಿ 2017ರಿಂದ ಚಾಲಕನಿಲ್ಲದ ವಿಮಾನಗಳ ಪರೀಕ್ಷೆ ನಡೆಯುತ್ತಿದೆ. ಗಿಡ್ಡ ಕೋಲಿಗೆ ಕೆಲಸ ವರ್ಷದಲ್ಲಿ ನಾಲ್ಕಾರು ದಿನ. ಮುಟ್ಟದೆ ಬಿಟ್ಟರೆ ಅದು ತುಕ್ಕು ಹಿಡಿದು ಬೇಕಾದ ದಿನ ಕದಲುವುದಿಲ್ಲ, ಮುಂದಿನ ಹೌಸಿಂಗಿನ ಸೀಲುಗಳು ಒಣಗಿ ಬಿರಿಯುತ್ತವೆ. ತಿಂಗಳಿಗೊಮ್ಮೆ ಹಳ್ಳದ ಮರಳಿಗೋ ಹೊಲದ ದಾರಿಗೋ ಇಳಿಸಿ, ಫೋರ್ ವೀಲ್ ಹಾಕಿ ಒಂದೆರಡು ಕಿಲೋಮೀಟರ್ ಓಡಿಸಿದರೆ ಆಯಿಲು ಎಲ್ಲ ಹಲ್ಲುಗಳಿಗೂ ಹತ್ತುತ್ತದೆ. ಟಾರಿಗೆ ಹತ್ತುವ ಮುಂಚೆ ಗಾಡಿ ನಿಲ್ಲಿಸಿ ಕೋಲನ್ನು ಬಿಡಿಸಿ, ಹಬ್ಬಿನ ಬೀಗವಿದ್ದರೆ ಎರಡೂ ಕಡೆ ಇಳಿದು ಅದನ್ನೂ ತೆಗೆಯಬೇಕು.