ಹುಟ್ಟಿದ ಊರು, ಆಡಿದ ದೇಶ

ಭಾರತ-ಪಾಕಿಸ್ತಾನ ಪಂದ್ಯವಿದ್ದ ದಿನ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಬಳಿ ಟೀ ಕುಡಿಯಲು ನಿಂತರೆ ನಮಗೊಂದು ಪ್ರಶ್ನೆ ಕಾದಿರುತ್ತಿತ್ತು: "ಏನ್ ಸಾಬ್ರೇ, ಇವತ್ತು ಯಾರ ಕಡೆ?" ಕೇಳುವವರು ಪರಿಚಿತರೇ, ತಮಾಷೆಗೇ ಕೇಳುತ್ತಿದ್ದರು. ಆದರೂ ಉತ್ತರಕ್ಕೆ ಕಾಯುತ್ತಿದ್ದರು. ಈ ಪ್ರಶ್ನೆಗೆ ಕ್ರಿಕೆಟ್ಟಿನ ಇತಿಹಾಸದಲ್ಲೇ ಉತ್ತರವಿದೆ. ಅದು ಶುರುವಾಗುವುದು ನಮ್ಮ ಪಕ್ಕದ ಬೆಂಗಳೂರಿನಿಂದ.

ಬ್ರಾನ್ಸ್‌ಬಿ ಕೂಪರ್ 1844ರ ಮಾರ್ಚ್ 15ರಂದು ಬೆಂಗಳೂರಿನಲ್ಲಿ ಹುಟ್ಟಿದರು. ಓದಿದ್ದು ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ. ಮಿಡ್ಲ್‌ಸೆಕ್ಸ್ ಮತ್ತು ಕೆಂಟ್ ತಂಡಗಳಿಗೆ ಆಡಿದರು. 1869ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಡಬ್ಲ್ಯು. ಜಿ. ಗ್ರೇಸ್ ಜೊತೆ ಮೊದಲ ವಿಕೆಟ್ಟಿಗೆ 283 ರನ್ ಸೇರಿಸಿದರು. ಅದರಲ್ಲಿ ಶತಕ ಹೊಡೆದರು. ಅನಂತರ ಆಸ್ಟ್ರೇಲಿಯಾಕ್ಕೆ ಹೋಗಿ ವಿಕ್ಟೋರಿಯಾ ತಂಡ ಸೇರಿದರು. 1877ರ ಮಾರ್ಚ್ 15ರಂದು ಮೆಲ್ಬರ್ನ್‌ನಲ್ಲಿ ಜಗತ್ತಿನ ಮೊದಲ ಟೆಸ್ಟ್ ಪಂದ್ಯ ಆರಂಭವಾಯಿತು. ಅಂದೇ ಅವರಿಗೆ 33 ತುಂಬಿತು. ತಾವು ಓದಿ ಆಡಿ ಬೆಳೆದ ಇಂಗ್ಲೆಂಡಿನ ವಿರುದ್ಧ ಅವರು ಆಸ್ಟ್ರೇಲಿಯಾದ ಪರ ಬ್ಯಾಟು ಹಿಡಿದರು. ಗಳಿಸಿದ್ದು 15 ಮತ್ತು 3. ಮತ್ತೆ ಟೆಸ್ಟ್ ಆಡಲಿಲ್ಲ. ಆಸ್ಟ್ರೇಲಿಯಾ 45 ರನ್‌ಗಳಿಂದ ಗೆದ್ದಿತು.

ಆ ತಂಡದಲ್ಲಿ ಕೂಪರ್ ಒಬ್ಬರೇ ಹೊರಗಿನವರಲ್ಲ. 165 ರನ್ ಹೊಡೆದು ಟೆಸ್ಟಿನ ಮೊದಲ ಶತಕ ಬಾರಿಸಿದ ಚಾರ್ಲ್ಸ್ ಬ್ಯಾನರ್‌ಮನ್, ಕೊನೆಯ ಇನಿಂಗ್ಸಿನಲ್ಲಿ 7 ವಿಕೆಟ್ ಕಿತ್ತ ಟಾಮ್ ಕೆಂಡಲ್ ಹುಟ್ಟಿದ್ದೂ ಇಂಗ್ಲೆಂಡಿನಲ್ಲೇ. ಟಾಮ್ ಹೊರಾನ್ ಐರ್ಲೆಂಡಿನವರು. ಬಂದು ನೆಲೆಸಿದವರನ್ನು ಕಳೆದರೆ ಆ ಗೆಲುವೇ ಉಳಿಯದು.

ಅದು ಒಂದೇ ಸಾಮ್ರಾಜ್ಯದೊಳಗಿನ ಓಡಾಟ ಎನ್ನಬಹುದು. ಹಾಗಾದರೆ ನಮ್ಮ ನೆಲದಲ್ಲಿ ಗಡಿ ಬಿದ್ದ ಮೇಲಿನ ಕಥೆ ನೋಡೋಣ. ಆಸಿಫ್ ಇಕ್ಬಾಲ್ 1943ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದರು. ಭಾರತ ತಂಡದ ನಾಯಕರಾಗಿದ್ದ ಗುಲಾಂ ಅಹ್ಮದ್ ಅವರ ಬಂಧು. ಹೈದರಾಬಾದಿನ ಪರ ರಣಜಿ ಆಡಿ, 1961ರಲ್ಲಿ ಪಾಕಿಸ್ತಾನಕ್ಕೆ ಹೋದರು. 1979ರ ನವೆಂಬರಿನಲ್ಲಿ ಅದೇ ಆಸಿಫ್ ಪಾಕಿಸ್ತಾನದ ನಾಯಕರಾಗಿ ಬೆಂಗಳೂರಿನಲ್ಲಿ ಟೆಸ್ಟ್ ಆಡಿದರು. ಭಾರತದ ವಿಕೆಟ್ ಹಿಂದೆ ನಿಂತಿದ್ದವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಇಬ್ಬರ ಹೆಸರು ನೋಡಿ ಯಾರು ಯಾವ ಕಡೆ ಎಂದು ಹೇಳಲಾಗುತ್ತಿರಲಿಲ್ಲ. ಅವರವರು ತೊಟ್ಟ ಟೋಪಿಗೆ ಅವರವರು ನಿಯತ್ತಾಗಿದ್ದರು.

ನಮ್ಮ ಮನೆಮಾತಿನಲ್ಲಿ 'ವತನ್' ಎಂದರೆ ದೇಶವೂ ಹೌದು, ಹುಟ್ಟೂರೂ ಹೌದು. ಬೆಂಗಳೂರಿನ ಗ್ಯಾರೇಜುಗಳಲ್ಲಿ ದುಡಿಯುವ ಹುಡುಗರು ಹಬ್ಬಕ್ಕೆ 'ವತನ್'ಗೆ ಹೊರಟರೆ ಹತ್ತುವುದು ಚನ್ನಪಟ್ಟಣದ, ಕನಕಪುರದ, ಮಾಗಡಿಯ ಬಸ್ಸನ್ನೇ. ಕೂಪರ್, ಆಸಿಫ್ ದೇಶ ಬದಲಿಸಿದರು. ನಾವು ಬದಲಿಸಲಿಲ್ಲ. ಬದಲಿಸಿದವರನ್ನೂ ಇತಿಹಾಸ ಅವರ ಆಟದಿಂದಲೇ ನೆನೆಯುತ್ತದೆ. ಹಾಗಿರುವಾಗ ಊರು ಬಿಡದೆ ಉಳಿದವರ ನಿಯತ್ತನ್ನು ಸ್ಕೋರುಬೋರ್ಡಿನಿಂದ ಅಳೆಯುವುದೇಕೆ?

ಪ್ರಶ್ನೆ ಕೇಳುವ ಗೆಳೆಯರಿಗೆ ನಾವು ಹೇಳುವುದಿಷ್ಟೇ: ಸ್ಕೋರೆಷ್ಟು ಎಂದು ಕೇಳಿ, ಹೇಳುತ್ತೇವೆ. ಟೀ ಆರುವ ಮುಂಚೆ ಬನ್ನಿ, ಜೊತೆಗೆ ಕೂತು ನೋಡೋಣ.