ಚಿನ್ನದ ಗಣಿಯಲ್ಲಿ ವಿಶ್ವಕಿರಣ

ವೈನಾಡಿನ ಮಲೆಗಳಲ್ಲಿ ಹುಟ್ಟಿ, ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯೊಡನೆ ಸಂಗಮಿಸುವ ಕಪಿಲೆಯ ನೀರು, ತಲಕಾಡನ್ನು ಬಳಸಿ ಹರಿದು ಶಿವನಸಮುದ್ರದಲ್ಲಿ ಧುಮುಕುವುದಷ್ಟೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಕಲ್ಪಿತವಾದ ವಿದ್ಯುದಾಗಾರವು ಆ ಜಲಪಾತದ ಬಲವನ್ನು 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಒಯ್ದಿತು. ಕಪಿಲೆಯ ಸೀಮೆಗೂ ಆ ಗಣಿಗಳಿಗೂ ಉಂಟಾದ ಸಂಬಂಧವು ಅಲ್ಲಿಗೇ ಮುಗಿಯಲಿಲ್ಲ. ಅರ್ಧ ಶತಮಾನದ ತರುವಾಯ, 1925ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಭೌತವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವರು, ಹೋಮಿ ಭಾಭಾ ಅವರ ಪ್ರೇರಣೆಯಿಂದ, ವಿಶ್ವಕಿರಣಗಳನ್ನು ಅರಸುತ್ತ ಅದೇ ಗಣಿಗಳಿಗೆ ಇಳಿದರು.

ಆಕಾಶದಿಂದ ಬರುವುದನ್ನು ಪಾತಾಳದಲ್ಲಿ ಹುಡುಕುವುದೇತಕ್ಕೆ? ವಿಶ್ವಕಿರಣಗಳ ಘಾತದಿಂದ ವಾಯುಮಂಡಲದಲ್ಲಿ ಹುಟ್ಟುವ ಮ್ಯೂಯಾನ್ ಕಣಗಳು ನೆಲದೊಳಕ್ಕೆ ಬಹುದೂರ ತೂರಬಲ್ಲುವಾದರೂ ಬಂಡೆಯ ದಪ್ಪ ಹೆಚ್ಚಿದಂತೆ ಅವುಗಳ ಸಂಖ್ಯೆ ಕ್ಷೀಣಿಸುತ್ತದೆ; ಅವುಗಳೊಡನೆ ಹುಟ್ಟುವ ನ್ಯೂಟ್ರಿನೊ ಕಣಗಳಿಗಾದರೋ ಇಡಿಯ ಭೂಮಂಡಲವೂ ಅಡ್ಡಿಯಲ್ಲ. 1960ರ ದಶಕದ ಆರಂಭದಲ್ಲಿ ಸುಮಾರು 2,700 ಮೀಟರ್ ಆಳದಲ್ಲಿರಿಸಿದ ಉಪಕರಣವು ಎರಡು ತಿಂಗಳ ಕಾಲ ಒಂದು ಮ್ಯೂಯಾನನ್ನೂ ದಾಖಲಿಸದೆ ಹೋದಾಗ, ವೈಫಲ್ಯವೆಂದು ತೋರಬಹುದಾಗಿದ್ದ ಆ ಶೂನ್ಯವನ್ನೇ ವಿಜ್ಞಾನಿಗಳು ಮಹಾಲಾಭವೆಂದು ಗ್ರಹಿಸಿದರು; ಅಂತಹ ತಾಣದಲ್ಲಿ ನ್ಯೂಟ್ರಿನೊಗಳ ವಿರಳವಾದ ಸುಳಿವನ್ನು ಬೇರೆ ಕಣಗಳು ಮರೆಮಾಡಲಾರವು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ಒಸಾಕ ಮತ್ತು ಡರ್ಹಮ್ ವಿಶ್ವವಿದ್ಯಾನಿಲಯಗಳವರೂ ಕೂಡಿ ವಾಯುಮಂಡಲದ ನ್ಯೂಟ್ರಿನೊಗಳ ಗುರುತನ್ನು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅದು ಕಂಡುಬಂದಿತು.

ಆದರೆ ಆ ಆಳವನ್ನು ಸಿದ್ಧಗೊಳಿಸಿಕೊಟ್ಟವರಾರೆಂಬುದನ್ನು ಮರೆಯಲಾಗದು. 1880ರ ದಶಕದಿಂದ ಮೊದಲ್ಗೊಂಡು ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ, ಶಿಲೆಯ ಕಾವಿನಲ್ಲಿ ಬೇಯುತ್ತ, ಒತ್ತಡಕ್ಕೆ ಸಿಕ್ಕ ಬಂಡೆಯು ಹಠಾತ್ತನೆ ಸಿಡಿದು ಪ್ರಾಣಾಪಹಾರ ಮಾಡುವ ಭೀತಿಯಲ್ಲಿ ದುಡಿದ ಕಾರ್ಮಿಕರ ಬೆವರಿನಿಂದಲ್ಲದೆ ಆ ಪ್ರಯೋಗಶಾಲೆಗೆ ನೆಲೆಯೇ ಇರುತ್ತಿರಲಿಲ್ಲ. 1980ರಲ್ಲಿ ಪ್ರೋಟಾನಿನ ಕ್ಷಯವನ್ನು ಪರೀಕ್ಷಿಸಲೆಂದು ಸುಮಾರು 140 ಟನ್ ತೂಕದ ಶೋಧಕವು ಸ್ಥಾಪಿತವಾದದ್ದೂ ಅವರು ಕೊರೆದ ಆ ಪಾತಾಳದಲ್ಲಿಯೇ.

ಗಣಿಯು ನಷ್ಟಕ್ಕೀಡಾದಂತೆ, 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತುಹೋದುವು. 2001ರಲ್ಲಿ ಗಣಿಯೇ ಮುಚ್ಚಿತು. ಜಪಾನಿನವರು ತಮ್ಮ ಕಮಿಯೋಕದ ಗಣಿಯನ್ನು ವಿಜ್ಞಾನಕ್ಕಾಗಿ ಬಳಸಿಕೊಂಡು, ನ್ಯೂಟ್ರಿನೊಗಳಿಗೆ ದ್ರವ್ಯರಾಶಿಯುಂಟೆಂಬುದಕ್ಕೆ 1998ರಲ್ಲಿ ಅಲ್ಲಿಂದಲೇ ಪ್ರಮಾಣ ಒದಗಿಸಿದರು. ಕೋಲಾರದಲ್ಲಿ ನೀರೆತ್ತುವ ಪಂಪುಗಳ ಖರ್ಚನ್ನು ಚಿನ್ನದ ಲೆಕ್ಕಕ್ಕೆ ಬರೆಯದೆ ವಿದ್ಯೆಯ ಲೆಕ್ಕಕ್ಕೆ ಬರೆದುಕೊಂಡು, ಒಂದು ಕೂಪವನ್ನಾದರೂ ನಮ್ಮ ಸರ್ಕಾರವು ಕಾಪಾಡಬೇಕಾಗಿತ್ತು.