ಬಿಸಿನೀರಿನ ವ್ಯವಸ್ಥೆ: ತುಮಕೂರು, ಗುಬ್ಬಿ, ಕುಣಿಗಲ್

ಒಂದು ಕಡೆ ನೀರು ಕಾಯಿಸಿ, ಅದರ ಶಾಖವನ್ನು ಬೇಕಾದ ಕಡೆಗೆ ಮುಟ್ಟಿಸುವ ಏರ್ಪಾಡು. ಚಳಿದೇಶಗಳಲ್ಲಿ ಇದು ಕೋಣೆ ಬೆಚ್ಚಗಿಡಲೆಂದು ಬೆಳೆಯಿತು. 1716ರಲ್ಲಿ ಸ್ವೀಡನ್ನಿನ ಮಾರ್ಟೆನ್ ಟ್ರೀವಾಲ್ಡ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗಿಡ ಬೆಳೆಸುವ ಗಾಜಿನ ಮನೆಗೆ ಬಿಸಿನೀರು ಹರಿಸಿದ. 1777ರಲ್ಲಿ ಫ್ರಾನ್ಸಿನ ಬಾನ್‌ಮ್ಯಾಂ ಕೋಳಿಮೊಟ್ಟೆಗೆ ಕಾವು ಕೊಡಲು ಅದೇ ಉಪಾಯ ಹೂಡಿದ. ತುಮಕೂರು ಸೀಮೆಯಲ್ಲಿ ಮಾಗಿಯ ಚಳಿಗೂ ಕಂಬಳಿಯೇ ಸಾಕು. ಇಲ್ಲಿ ಕೋಣೆಗೆ ಕಾವು ಬೇಕಾದದ್ದು ರೇಷ್ಮೆಹುಳುವಿಗೆ: ಮೈಸೂರು ತಳಿಯ ಬಿತ್ತನೆಗೂಡಿಗೆ ಹೆಸರಾದ ಕುಣಿಗಲ್ ಭಾಗದಲ್ಲಿ ಚಾಕಿಹುಳುವಿಗೆ, ಎಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಸೆಲ್ಸಿಯಸ್ ಬೇಕು. ಚಳಿಗಾಲದಲ್ಲಿ ಆ ಕಾವು ಕೆಂಡದ ಬಾಣಲೆಯಿಂದಲೋ ವಿದ್ಯುತ್ ಹೀಟರಿನಿಂದಲೋ ಬರುತ್ತದೆ. ಮನುಷ್ಯರ ಮಟ್ಟಿಗೆ ಈ ಸೀಮೆಯ ಬಿಸಿನೀರಿನ ಚರಿತ್ರೆಯೆಲ್ಲ ಬಚ್ಚಲಿನದೇ.

ಹಳೆಯ ಮನೆಗಳ ಬಚ್ಚಲ ಮೂಲೆಯಲ್ಲಿ ತಾಮ್ರದ ಹಂಡೆಯನ್ನು ಒಲೆಯ ಮೇಲೆ ಮಣ್ಣು ಗಾರೆಯಿಂದ ಕೂರಿಸಿ ಬಿಡುತ್ತಿದ್ದರು. ತೆಂಗು ಅಡಿಕೆಯ ನಾಡಾದ್ದರಿಂದ ಉರುವಲಿಗೆ ತೆಂಗಿನ ಮಟ್ಟೆ, ಸೋಗೆ, ಕರಟ, ಅಡಿಕೆ ಸಿಪ್ಪೆ. ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದಂದು, ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕಂಠಕ್ಕೆ ಹಾಗಲಬಳ್ಳಿ ಸುತ್ತಿ ಪೂಜಿಸುತ್ತಾರೆ. ಇಷ್ಟು ಗೌರವದ ಹಂಡೆಯ ಕೆಳಗಿನ ಒಲೆ ಮಾತ್ರ ಸೌದೆಗೆ ದುಬಾರಿ. ಬಾಯಿ ಅಗಲ, ಬೂದಿ ಜಾರಲು ಜಾಳಿಗೆಯಿಲ್ಲ, ಹೊಗೆಗೆ ದಾರಿಯಿಲ್ಲ. ಉರಿಯ ಬಹುಪಾಲು ಬಚ್ಚಲಿಗೆ, ಊದುಗೊಳವೆ ಹಿಡಿದವಳ ಕಣ್ಣಿಗೆ.

ಪೇಟೆಯ ಮನೆಗಳಿಗೆ ಆಮೇಲೆ ಬಂದ ತಾಮ್ರದ ಬಾಯ್ಲರ್ ಜಾಣತನದ ವಸ್ತು. ನಟ್ಟನಡುವೆ ಉರಿಗೊಳವೆ, ಸುತ್ತ ನೀರು, ತಳದಲ್ಲಿ ಇದ್ದಿಲಿನದೋ ಕರಟದ್ದೋ ಕೆಂಡ. ನೆತ್ತಿಯ ಬಟ್ಟಲಿಗೆ ಒಂದು ಚೊಂಬು ತಣ್ಣೀರು ಸುರಿದರೆ ಅದು ಒಳಗೊಳವೆಯಲ್ಲಿ ಇಳಿದು ತಳ ಸೇರುತ್ತದೆ. ಅಷ್ಟೇ ಬಿಸಿನೀರು ಮೇಲಿನ ಮೂತಿಯಿಂದ ಹೊರಬೀಳುತ್ತದೆ. ಬಾಯ್ಲರ್ ಬರಿದಾಗಿ ಸುಡುವ ಭಯವಿಲ್ಲ. ಬಿಸಿನೀರು ಹಗುರ, ತಣ್ಣೀರು ಭಾರ ಎಂಬ ತತ್ವವೇ ಇಲ್ಲಿ ಕೆಲಸ ಮಾಡುವುದು.

ಈ ಚರಿತ್ರೆಯಲ್ಲಿ ದೇಶವೇ ಗಮನಿಸಬೇಕಾದ ಅಧ್ಯಾಯ ನಡೆದದ್ದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ತನ್ನ ವಿಸ್ತರಣಾ ಕೇಂದ್ರವನ್ನು ಅಲ್ಲಿ ತೆರೆಯಿತು. ಸುತ್ತಲಿನ ಆರು ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಸುಡುತ್ತಾರೆ, ಅದನ್ನು ತರಲು ಎಷ್ಟು ನಡೆಯುತ್ತಾರೆ ಎಂದು ಮನೆಮನೆಗೆ ಹೋಗಿ ಅಳೆದರು. ಅವುಗಳಲ್ಲಿ ಒಂದು, 56 ಮನೆ, 357 ಜನರಿದ್ದ ಪುರ. ಊರು ಬಳಸುವ ಶಕ್ತಿಯಲ್ಲಿ ಸೌದೆಯದೇ ಸಿಂಹಪಾಲು, ಅದರಲ್ಲಿ ಅಡಿಗೆ ಬಿಟ್ಟರೆ ಸ್ನಾನದ ನೀರಿನದೇ ದೊಡ್ಡ ಖರ್ಚು ಎಂದು ಲೆಕ್ಕದಲ್ಲಿ ಕಂಡಿತು. ಪುರದಲ್ಲಿ 1987ರಲ್ಲಿ ಗೋಬರ್ ಅನಿಲದ ಎಂಜಿನ್ನಿಂದ ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟದ್ದೂ ಇದೇ ಕೆಲಸದ ಮುಂದುವರಿಕೆ.

ಅಡಿಗೆಯ ಅಸ್ತ್ರ ಒಲೆ ರೂಪುಗೊಂಡದ್ದು ಸೌದೆಯ ಈ ಲೆಕ್ಕದ ಅನುಭವದಿಂದ; ಅದರ ಜೊತೆಗೇ ಸ್ನಾನದ ನೀರಿನ ಒಲೆಯೂ ಬಂತು. ಸೌದೆಯ ಕೆಳಗೆ ಗಾಳಿಯಾಡುವ ಜಾಳಿಗೆ, ಮುಚ್ಚಿದ ಉರಿಗೂಡು, ಉರಿಯೊಳಗೆ ಇಳಿಬಿಟ್ಟ ಹಂಡೆ, ಬಿಸಿಗಾಳಿ ಅದರ ಮೈಗೆ ಒತ್ತಿಕೊಂಡು ಸುತ್ತಿ ಚಿಮಣಿ ಸೇರುವಂತೆ ಸುತ್ತಲೂ ಕಿರಿದಾದ ಸಂದು. ಇದರ ಬೆಲೆ ತಿಳಿಯಲು ಸಣ್ಣ ಲೆಕ್ಕ ಸಾಕು. 100 ಲೀಟರ್ ನೀರನ್ನು 20 ಡಿಗ್ರಿ ಏರಿಸಲು 2,000 ಕಿಲೋಕ್ಯಾಲೊರಿ ಬೇಕು. ಉರಿಯ ಶೇ. 10 ಮಾತ್ರ ನೀರಿಗೆ ತಾಗಿದರೆ ಐದಾರು ಕಿಲೋ ಸೌದೆ, ಶೇ. 40 ತಾಗಿದರೆ ಒಂದೂವರೆ ಕಿಲೋ. ಉಳಿದ ನಾಲ್ಕು ಕಿಲೋ ಸೌದೆಯನ್ನು ಯಾವ ಹೆಂಗಸೂ ತಲೆಯ ಮೇಲೆ ಹೊರಬೇಕಿಲ್ಲ. ನಮ್ಮ ವಿಜ್ಞಾನದ ಚರಿತ್ರೆಯಲ್ಲಿ ಈ ಕೆಲಸಕ್ಕೆ ಸಿಕ್ಕಿರುವ ಜಾಗ ತೀರ ಕಡಿಮೆ.

ಪೇಟೆಗಳಲ್ಲಿ ಗೀಸರ್ ಬಂತು, ಬಳಿಕ ಸೋಲಾರ್. ವಿದ್ಯುತ್ ಕಂಪನಿ ಬೆಸ್ಕಾಂ ಸೋಲಾರ್ ಹೀಟರ್ ಇರುವ ಮನೆಗೆ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿ ತನಕ ರಿಯಾಯಿತಿ ಕೊಟ್ಟಿತು. 2007ರಲ್ಲಿ ಸರ್ಕಾರ ಹಲವು ಬಗೆಯ ಹೊಸ ಕಟ್ಟಡಗಳಿಗೆ ಈ ಹೀಟರನ್ನು ಕಡ್ಡಾಯ ಮಾಡಿತು. ಪ್ಲಂಬರನ ಕೈಚಳಕ ನಿಜವಾಗಿ ಬೇಕಾದದ್ದು ಆಗ. ಪಂಪಿಲ್ಲದೆ ನೀರು ತಾನೇ ಸುತ್ತಬೇಕಾದರೆ ಬಿಸಿನೀರಿನ ಟ್ಯಾಂಕು ಬಿಸಿಲು ಹೀರುವ ಕಲೆಕ್ಟರಿಗಿಂತ ಮೇಲಿರಬೇಕು, ತಣ್ಣೀರಿನ ಟ್ಯಾಂಕಿನ ತಳ ಅದಕ್ಕಿಂತಲೂ ಮೇಲೆ. ಕಲೆಕ್ಟರಿನಿಂದ ಹೊರಟ ಕೊಳವೆ ಟ್ಯಾಂಕು ಮುಟ್ಟುವ ತನಕ ಏರುತ್ತಲೇ ಇರಬೇಕು. ನಡುವೆ ಎಲ್ಲಾದರೂ ಗೂನು ಬಿದ್ದರೆ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ. ಗಾಳಿಕೊಳವೆಯ ತುದಿ ತಣ್ಣೀರಿನ ಟ್ಯಾಂಕಿನ ನೀರಮಟ್ಟವನ್ನೂ ದಾಟಿ ಬಾಯಿ ತೆರೆದಿರಬೇಕು. 13 ಡಿಗ್ರಿ ಅಕ್ಷಾಂಶದ ಈ ಊರುಗಳಲ್ಲಿ ಕಲೆಕ್ಟರ್ ದಕ್ಷಿಣಕ್ಕೆ ಮುಖ ಮಾಡಿರುತ್ತದೆ. ಚಳಿಗಾಲದ ತಗ್ಗಿದ ಸೂರ್ಯನಿಗಾಗಿ ಅಕ್ಷಾಂಶಕ್ಕಿಂತ ತುಸು ಹೆಚ್ಚೇ ಓರೆ ಕೊಡುತ್ತಾರೆ.

ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯ ಮೂಲಕ ಹೇಮಾವತಿ ನೀರು ಬರುತ್ತದೆ. ಆದರೆ ಕೊಳವೆಬಾವಿಯ ಗಡಸು ನೀರನ್ನೇ ನಂಬಿದ ಮನೆಗಳಲ್ಲಿ ಕಲೆಕ್ಟರಿನ ಸಣ್ಣ ತಾಮ್ರದ ಕೊಳವೆಗಳಿಗೆ ಸುಣ್ಣ ಕಟ್ಟಿ, ವರ್ಷ ವರ್ಷಕ್ಕೂ ಬಿಸಿ ತಗ್ಗುತ್ತದೆ. ಇದಕ್ಕೆ ಪರಿಹಾರ ಎರಡು ಗೋಡೆಯ ಟ್ಯಾಂಕು. ಕಲೆಕ್ಟರಿನ ಮೃದು ನೀರು ಹೊರಗಿನ ಕವಚದಲ್ಲೇ ಸುತ್ತುತ್ತ ಸ್ನಾನದ ನೀರಿಗೆ ಶಾಖವನ್ನಷ್ಟೇ ದಾಟಿಸುತ್ತದೆ. ಚಳಿದೇಶದ ಮನೆಗಳನ್ನು ಬೆಚ್ಚಗಿಡುವ, ಅದೇ ನೀರು ಸುತ್ತುತ್ತಿರುವ ಮುಚ್ಚಿದ ವ್ಯವಸ್ಥೆಗೆ ಈ ಸೀಮೆಯಲ್ಲಿ ಅತಿ ಹತ್ತಿರದ ಏರ್ಪಾಡು ಇದೇ. ಕೊಂಚ ದುಬಾರಿಯಾದರೂ ಗಡಸು ನೀರಿನ ಊರುಗಳಿಗೆ ಹೊಂದುವುದು ಇದು. ಒಂದೇ ಜಾಗ್ರತೆಯೆಂದರೆ ಕವಚದ ನೀರು ಆವಿಯಾಗಿ ಇಳಿದಾಗ ಅದಕ್ಕೆ ಮತ್ತೆ ಮೃದು ನೀರನ್ನೇ ತುಂಬಬೇಕು.